ಮನೆಮಂದಿಗೆಲ್ಲ ಒಂದೇ ಹಿಟ್ಟು: ಗೋಧಿಯಿಲ್ಲದ, ಹಾಲಿಲ್ಲದ ದೋಸೆಯ ಮಾತು



ಇದು ಸ್ವಲ್ಪ ಉದ್ದದ ಸಂದೇಶ. ಸಮಯ ಇದ್ದಾಗ ಕೂತು ಓದಿ. ಮನೆಯಲ್ಲಿ ಮಕ್ಕಳಿದ್ದರೆ ಖಂಡಿತ ಓದಿ.

ಹೋದ ತಿಂಗಳು ಪುಣೆಯ ಒಂದು ದೊಡ್ಡ ಅಂಗಡಿಯಲ್ಲಿ ಚೆಂದದ ಪೊಟ್ಟಣವೊಂದನ್ನು ನೋಡಿದೆ. ಮೇಲೆ ‘ಗ್ಲುಟನ್ ಫ್ರೀ ವೀಗನ್ ಪ್ಯಾನ್‌ಕೇಕ್ ಮಿಕ್ಸ್’ ಅಂತ ಬರೆದಿತ್ತು. ಹಿಂದೆ ತಿರುಗಿಸಿ ಓದಿದರೆ ಅಕ್ಕಿ ಹಿಟ್ಟು, ರಾಗಿ ಹಿಟ್ಟು, ಸಕ್ಕರೆ, ಉಪ್ಪು, ಅಡುಗೆ ಸೋಡಾ. ಬೆಲೆ ನೋಡಿದೆ. ಆ ದುಡ್ಡಿಗೆ ನಮ್ಮ ಮನೆಗೆ ಒಂದು ತಿಂಗಳು ಸಾಲುವಷ್ಟು ರಾಗಿ ಬರುತ್ತದೆ. ಗೋಧಿ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ, ಹಂಚಿನ ಮೇಲೆ ಹುಯ್ದು ಬೇಯಿಸುವುದು ಅಂದರೆ ನಮ್ಮ ಅಜ್ಜಿ ಇದನ್ನು ಏನೆಂದು ಕರೆಯುತ್ತಿದ್ದರು? ದೋಸೆ!

ಅಂಗಡಿಯಲ್ಲೇ ನಗು ಬಂತು. ಆದರೆ ನಾಲ್ಕು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಇಂಥದೇ ಪೊಟ್ಟಣ ಹಿಡಿದು ನಾನು ಅತ್ತಿದ್ದೆ. ಆ ಕಥೆಯನ್ನು ಮೊದಲು ಹೇಳುತ್ತೇನೆ.

*ಗೋಡೆಯ ಮೇಲಿನ ಗೆರೆ*

ನಮ್ಮದು ಧಾರವಾಡದ ಕಡೆಯ ಮನೆ. ಪುಣೆಗೆ ಬಂದು ಹದಿನಾರು ವರ್ಷವಾಯಿತು. ಊರಲ್ಲಿ ಜೋಳದ ರೊಟ್ಟಿ, ಅನ್ನ. ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ ಮಕ್ಕಳ ಡಬ್ಬಿಗೆ ಚಪಾತಿ, ಸಂಜೆ ಬಂದರೆ ಬಿಸ್ಕತ್ತು, ಬ್ರೆಡ್ಡು, ರಾತ್ರಿ ಮತ್ತೆ ಚಪಾತಿ. ನಿಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಹೀಗೇ ಇರಬೇಕು. ರೊಟ್ಟಿ ಬಡಿಯಲು ಸಮಯ ಬೇಕು, ಚಪಾತಿಗೆ ಕೆಲಸದವರೂ ಸಿಗುತ್ತಾರೆ.

ನಮ್ಮ ಅಡುಗೆಮನೆಯ ಬಾಗಿಲ ಪಕ್ಕ ಮಕ್ಕಳ ಎತ್ತರದ ಗೆರೆ ಎಳೆಯುವುದು ರೂಢಿ. ಚಿಕ್ಕವನಿಗೆ ಏಳು ವರ್ಷವಾದಾಗ ನೋಡಿದರೆ ಒಂದು ವರ್ಷದಲ್ಲಿ ಗೆರೆ ಒಂದು ಬೆರಳಿನಷ್ಟೂ ಮೇಲೆ ಹೋಗಿರಲಿಲ್ಲ. ಹೊಟ್ಟೆ ಉಬ್ಬರ, ಆಗಾಗ ಬೇಧಿ, ಸದಾ ಸುಸ್ತು. ರಕ್ತ ಕಡಿಮೆ ಅಂತ ಕಬ್ಬಿಣಾಂಶದ ಟಾನಿಕ್ ಕೊಟ್ಟರು. ಆರು ತಿಂಗಳು ಕುಡಿದರೂ ಹಿಮೋಗ್ಲೋಬಿನ್ ಏರಲಿಲ್ಲ.

ಅಷ್ಟರಲ್ಲಿ ಇಂಥದೇ ಒಂದು ಫಾರ್ವರ್ಡ್ ಬಂತು: ‘ಗೋಧಿ ವಿಷ, ಇಂದೇ ಬಿಡಿ’ ಅಂತ. ನಾನು ಮರುದಿನವೇ ಮಗನಿಗೆ ಚಪಾತಿ ನಿಲ್ಲಿಸಿಬಿಟ್ಟೆ. ಒಂದೆರಡು ತಿಂಗಳಲ್ಲಿ ಸ್ವಲ್ಪ ಸುಧಾರಿಸಿದ ಹಾಗೆ ಕಂಡಿತು. ಆಮೇಲೆ ತಜ್ಞ ವೈದ್ಯರ ಹತ್ತಿರ ಹೋದಾಗ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. “ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಿದರೆ ಪರೀಕ್ಷೆಯಲ್ಲಿ ಏನೂ ಸಿಗೋದಿಲ್ಲಮ್ಮಾ” ಅಂದರು. ಕಾಯಿಲೆಯ ಗುರುತು ಸಿಗಲೆಂದು ಮಗನಿಗೆ ಮತ್ತೆ ಕೆಲವು ವಾರ ಗೋಧಿ ತಿನ್ನಿಸಬೇಕಾಯಿತು. ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದ ಮಗನಿಗೆ ನನ್ನ ಕೈಯಾರೆ ಚಪಾತಿ ತಿನ್ನಿಸಿದ ಆ ದಿನಗಳನ್ನು ನಾನು ಮರೆಯಲಾರೆ. ಈ ಸಂದೇಶ ಬರೆಯಲು ಮುಖ್ಯ ಕಾರಣವೇ ಅದು.

ರಕ್ತ ಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆಗಿ ಗೊತ್ತಾಗಿದ್ದು: ಸೀಲಿಯಾಕ್ ಕಾಯಿಲೆ.

*ಏನಿದು ಸೀಲಿಯಾಕ್?*

ಗೋಧಿ, ಬಾರ್ಲಿ (ಜವೆಗೋಧಿ), ರೈ ಎಂಬ ಧಾನ್ಯಗಳಲ್ಲಿ ಗ್ಲುಟನ್ ಅನ್ನುವ ಪ್ರೋಟೀನ್ ಇದೆ. ಕಣಕ ನಾದಿದಾಗ ಜಿಗುಟಾಗಿ ಹಿಗ್ಗುತ್ತದಲ್ಲ, ಅದು ಈ ಗ್ಲುಟನ್ ಗುಣ. ಸೀಲಿಯಾಕ್ ಇರುವವರ ದೇಹ ಗ್ಲುಟನ್ ಕಂಡರೆ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಆಹಾರ ಹೀರಿಕೊಳ್ಳುವ ಬೆರಳಿನಂಥ ಸಣ್ಣ ಸಣ್ಣ ಎಳೆಗಳಿರುತ್ತವೆ. ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಅದಕ್ಕೇ ಟಾನಿಕ್ ಕೂಡ ಕೆಲಸ ಮಾಡಿರಲಿಲ್ಲ. ಗೋಧಿಯೇ ಇದಕ್ಕೆ ಕಾರಣ ಅಂತ ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ತಮ್ಮ 1950ರ ಪ್ರಬಂಧದಲ್ಲಿ ತೋರಿಸಿದರು. ಇವತ್ತಿಗೂ ಇದಕ್ಕೆ ಇರುವ ಚಿಕಿತ್ಸೆ ಒಂದೇ: ಜೀವನಪೂರ್ತಿ ಗ್ಲುಟನ್ ಬಿಡುವುದು.

ನಮ್ಮಂಥವರು ಗಮನಿಸಬೇಕಾದ ಒಂದು ವಿಷಯ ಇದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ಈ ಕಾಯಿಲೆ ನೂರರಲ್ಲಿ ಸುಮಾರು ಒಬ್ಬರಿಗೆ ಇದೆ, ದಕ್ಷಿಣದಲ್ಲಿ ಸಾವಿರದಲ್ಲಿ ಸುಮಾರು ಒಬ್ಬರಿಗೆ. ಆದರೆ ಕಾಯಿಲೆಗೆ ಬೇಕಾದ ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಕಂಡಿದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ. ಹಾಗಂತ ಚಪಾತಿ ತಿಂದವರಿಗೆಲ್ಲ ಕಾಯಿಲೆ ಬರುತ್ತದೆ ಅಂತ ಅಲ್ಲ. ‘ನಾವು ದಕ್ಷಿಣದವರು, ನಮಗೆ ಇದೆಲ್ಲ ಬರಲ್ಲ’ ಅನ್ನುವ ಧೈರ್ಯ ಬೇಡ ಅಂತ ಅಷ್ಟೇ.

*ಹಾಗಾದರೆ ಎಲ್ಲರೂ ಗೋಧಿ ಬಿಡಬೇಕಾ?*

ಬೇಡ. ನನ್ನ ಅಭಿಪ್ರಾಯ ಇದರಲ್ಲಿ ಸ್ಪಷ್ಟ. ಕಾಯಿಲೆ ಇಲ್ಲದವರಿಗೆ ಗೋಧಿ ಒಳ್ಳೆಯ ಆಹಾರವೇ. ನಾರು ಇದೆ, ಪ್ರೋಟೀನ್ ಇದೆ. ಫ್ಯಾಷನ್‌ಗಾಗಿ ಗ್ಲುಟನ್ ಬಿಟ್ಟು, ಮರಗೆಣಸಿನ ಪಿಷ್ಟ, ಆಲೂಗಡ್ಡೆ ಪಿಷ್ಟ, ಸಕ್ಕರೆ ತುಂಬಿದ ‘ಗ್ಲುಟನ್ ಫ್ರೀ’ ಬಿಸ್ಕತ್ತು ತಿಂದರೆ ಲಾಭ ಅಂಗಡಿಯವನಿಗೆ. ಮನೆಯಲ್ಲಿ ಮಧುಮೇಹ ಇರುವ ಹಿರಿಯರಿದ್ದರೆ ಇನ್ನೊಂದು ಮಾತು ನೆನಪಿಡಿ. ಗ್ಲುಟನ್ ಇಲ್ಲ ಅಂದರೆ ಸಕ್ಕರೆ ಏರುವುದಿಲ್ಲ ಅಂತ ಅರ್ಥ ಅಲ್ಲ. ಬರೀ ಅಕ್ಕಿಯ ದೋಸೆ ನಾಲ್ಕು ತಿಂದರೆ ಸಕ್ಕರೆ ಏರಿಯೇ ಏರುತ್ತದೆ.

ಸಂಶಯ ಇದ್ದರೆ ಹೀಗೆ ಮಾಡಿ:

1. ಮಗು ಬೆಳೆಯುತ್ತಿಲ್ಲ, ರಕ್ತಹೀನತೆ ಔಷಧಿಗೂ ಹೋಗುತ್ತಿಲ್ಲ, ಬೇಧಿ ಅಥವಾ ಹೊಟ್ಟೆ ಉಬ್ಬರ ತಿಂಗಳುಗಟ್ಟಲೆ ಇದೆ ಅಂದರೆ ವೈದ್ಯರನ್ನು ಕಂಡು ‘ಸೀಲಿಯಾಕ್ ಇರಬಹುದಾ?’ ಅಂತ ನೀವೇ ಕೇಳಿ.

2. ಮೊದಲು ಮಾಡುವುದು ಟಿಟಿಜಿ-ಐಜಿಎ ಅನ್ನುವ ರಕ್ತ ಪರೀಕ್ಷೆ. *ಪರೀಕ್ಷೆ ಮುಗಿಯುವ ತನಕ ಗೋಧಿ ನಿಲ್ಲಿಸಬೇಡಿ.*

3. ಒಬ್ಬರಿಗೆ ಇದ್ದರೆ ತಂದೆ, ತಾಯಿ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಿ. ಇದು ಕುಟುಂಬದಲ್ಲಿ ಬರುವ ಕಾಯಿಲೆ.

*“ಸ್ವಲ್ಪ ತಿಂದ್ರ ಏನಾಗ್ತದ?”*

ಕಾಯಿಲೆ ಗೊತ್ತಾದ ಮೇಲೆ ನನಗೆ ಕಷ್ಟವಾಗಿದ್ದು ಅಡುಗೆಯಲ್ಲ, ಈ ಮಾತು. ನಮ್ಮ ಅತ್ತೆಯವರು ಬಹಳ ಪ್ರೀತಿಯ ಜೀವ. “ಒಂದು ಚೂರು ಹೋಳಿಗಿ ತಿಂದ್ರ ಏನೂ ಆಗೂದಿಲ್ಲ ಬಿಡವಾ, ಕೂಸು ಆಸಿಪಡ್ತದ” ಅನ್ನುತ್ತಿದ್ದರು. ಪ್ರೀತಿಯಿಂದ ಹೇಳಿದ್ದು, ಆದರೆ ತಪ್ಪು. ಒಂದು ಚೂರು ಹೋಳಿಗೆಯೂ ಕರುಳಿಗೆ ಪೆಟ್ಟೇ. ಮಗು ಆ ಕ್ಷಣ ಅಳದಿದ್ದರೂ ಒಳಗೆ ಹಾನಿ ಆಗುತ್ತಿರುತ್ತದೆ. ನಾನು ವಾದ ಮಾಡದೆ ಅತ್ತೆಯವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಅವತ್ತಿನಿಂದ ನಮ್ಮ ಮನೆಯ ಕಾವಲುಗಾರರು ಅತ್ತೆಯವರೇ. ಸತ್ಯನಾರಾಯಣ ಪೂಜೆಗೆ ಹೋದರೆ, “ಶಿರಾ ಬ್ಯಾಡ್ರಿ, ನಮ್ಮ ಹುಡುಗಗ ಪ್ರಸಾದದ ಬಾಳೆಹಣ್ಣು ಕೊಡ್ರಿ” ಅಂತ ಅವರೇ ಮೊದಲು ಹೇಳುತ್ತಾರೆ.

ಇನ್ನೂ ಒಂದು ಪಾಠ ಕಲಿತೆ. ಗೋಧಿ ಬಿಡಿಸಿ ಆರು ತಿಂಗಳಾದರೂ ರಕ್ತ ಪರೀಕ್ಷೆಯ ಅಂಕಿ ಇಳಿಯಬೇಕಾದಷ್ಟು ಇಳಿಯಲಿಲ್ಲ. ಮನೆಯಲ್ಲಿ ಹುಡುಕಿದಾಗ ಸಿಕ್ಕಿದ್ದು ಎರಡು ಕಳ್ಳರು.

👉 *ಇಂಗು.* ಡಬ್ಬಿಯಲ್ಲಿ ಬರುವ ಇಂಗಿಗೆ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುವುದು ಸಾಮಾನ್ಯ. ಹಿಂಬದಿಯ ಸಣ್ಣ ಅಕ್ಷರ ಓದಿ. ಸಾರಿನ ಪುಡಿ, ಉಪ್ಪಿನಕಾಯಿ, ಚಟ್ನಿಪುಡಿಯಲ್ಲೂ ಇದೇ ಇಂಗು ಇರುತ್ತದೆ.

👉 *ಗಿರಣಿ.* ಜೋಳ, ರಾಗಿಯನ್ನು ಓಣಿಯ ಗಿರಣಿಗೆ ಕೊಡುತ್ತಿದ್ದೆ. ಅದೇ ಕಲ್ಲಿನಲ್ಲಿ ನಮಗಿಂತ ಮೊದಲು ಯಾರದೋ ಗೋಧಿ ಬೀಸಿರುತ್ತದೆ. ಆ ಹಿಟ್ಟು ನಮ್ಮ ಹಿಟ್ಟಿಗೆ ಸೇರುತ್ತದೆ. ನಮ್ಮ ಭಾರತದ ಆಹಾರ ನಿಯಮದಲ್ಲಿ ‘ಗ್ಲುಟನ್ ಫ್ರೀ’ ಅನ್ನಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು. ಗಿರಣಿಯ ಕಲ್ಲಿಗೆ ಅಂಟಿದ ಒಂದು ಹಿಡಿ ಹಿಟ್ಟು ಎಷ್ಟು ಹೆಚ್ಚು ಅಂತ ನೀವೇ ಲೆಕ್ಕ ಹಾಕಿ.

*ದೋಸೆಯೇ ಏಕೆ?*

ನಾನು ದೋಸೆಯ ಪಕ್ಷ ವಹಿಸುವುದಕ್ಕೆ ಮುಖ್ಯ ಕಾರಣ ಇಲ್ಲಿದೆ. ದೋಸೆಗೆ ಹಿಟ್ಟು ಬೇಕಿಲ್ಲ, ಕಾಳು ಸಾಕು. ಇಡೀ ಅಕ್ಕಿ, ಇಡೀ ರಾಗಿ, ಇಡೀ ಹೆಸರು ತಂದು, ಆರಿಸಿ, ನಾಲ್ಕು ಸಲ ತೊಳೆದು, ಮನೆಯ ಮಿಕ್ಸಿಯಲ್ಲೇ ರುಬ್ಬುತ್ತೇವೆ. ಗಿರಣಿಯ ಮುಖ ನೋಡುವ ಅಗತ್ಯವೇ ಇಲ್ಲ. ನಡುವೆ ಒಂದೆರಡು ಗೋಧಿ ಕಾಳು ಸೇರಿದ್ದರೂ ಆರಿಸುವಾಗ ಕಣ್ಣಿಗೆ ಬೀಳುತ್ತದೆ. ಹಿಟ್ಟಾದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯ ಕಾರಣ ಹಾಲು. ಕರುಳು ಸವೆದ ಮಕ್ಕಳಿಗೆ ಮೊದಮೊದಲು ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದೆ ಇರಬಹುದು. ನಮ್ಮವನಿಗೂ ವೈದ್ಯರು ಕೆಲವು ತಿಂಗಳು ಹಾಲು ಬೇಡ ಅಂದಿದ್ದರು. ಕರುಳು ಚೇತರಿಸಿಕೊಂಡ ಮೇಲೆ ಮತ್ತೆ ಶುರು ಮಾಡಿದೆವು. ಅಷ್ಟರಲ್ಲಿ ಕಾಲೇಜಿಗೆ ಹೋಗುವ ಮಗಳು, ಪ್ರಾಣಿಗಳ ಮೇಲಿನ ಕಾಳಜಿಯಿಂದ, “ನಾನು ಹಾಲು, ತುಪ್ಪ, ಮೊಸರು ಮುಟ್ಟಲ್ಲ” ಅಂದಳು. ಒಬ್ಬನಿಗೆ ಗೋಧಿ ಇಲ್ಲ, ಒಬ್ಬಳಿಗೆ ಹಾಲಿಲ್ಲ, ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಇವರಿಗೆ ಬೆಳಿಗ್ಗೆ ಎಂಟಕ್ಕೆ ಬಸ್ಸು. ನಾಲ್ಕು ತರಹ ತಿಂಡಿ ಮಾಡಿ ಮಾಡಿ ನನ್ನ ಕೈ ಸೋತಿತ್ತು.

ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿತ್ತು. ಎಲ್ಲರೂ ಬಿಸಿ ಚಪಾತಿ ತಿನ್ನುವಾಗ ಚಿಕ್ಕವನು ಬೇರೆ ತಟ್ಟೆ ಹಿಡಿದು ಆಚೆ ಕೋಣೆಯಲ್ಲಿ ಟಿವಿ ಮುಂದೆ ಕೂರಲು ಶುರು ಮಾಡಿದ. ಕೇಳಿದರೆ, “ಇಲ್ಲಿ ನನ್ನ ಊಟ ಇಲ್ಲವಲ್ಲ” ಅಂದ. ಆ ಮಾತು ಕೇಳಿದ ದಿನವೇ ತೀರ್ಮಾನ ಮಾಡಿದೆ: ಬೆಳಗಿನ ತಿಂಡಿ ಇಡೀ ಮನೆಗೆ ಒಂದೇ. ಅವನಿಗೆ ಆಗುವುದೇ ಎಲ್ಲರಿಗೂ.

*ನಾಲ್ಕು ಹಿಟ್ಟು, ಇಡೀ ವಾರಕ್ಕೆ*

*1. ನೀರು ದೋಸೆ:* ಇದನ್ನು ಕಲಿಸಿದ್ದು ಉಡುಪಿ ಕಡೆಯ ನಮ್ಮ ಪಕ್ಕದ ಮನೆಯವರು. 2 ಲೋಟ ಅಕ್ಕಿ 4-5 ಗಂಟೆ ನೆನೆಸಿ, ಅರ್ಧ ಲೋಟ ತೆಂಗಿನ ತುರಿ ಸೇರಿಸಿ ತುಂಬಾ ನುಣ್ಣಗೆ ರುಬ್ಬಿ. ಉಪ್ಪು ಹಾಕಿ, ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ. ಹುದುಗು ಬೇಡ. ಹಂಚು ಚೆನ್ನಾಗಿ ಕಾಯಬೇಕು. ಅಕ್ಕಿ ತಳ ಕೂರುತ್ತದೆ, ಪ್ರತಿ ಸಲ ಕಲಕಿ ಹುಯ್ಯಿರಿ. ಸೌಟಿನಿಂದ ಹರಡಬೇಡಿ, ಮುಚ್ಚಿ ಬೇಯಿಸಿ, ತಿರುವಿ ಹಾಕದೆ ಮಡಚಿ ತೆಗೆಯಿರಿ.

*2. ಹೆಸರುಕಾಳಿನ ದೋಸೆ:* 1 ಲೋಟ ಹೆಸರುಕಾಳು, 2 ಚಮಚ ಅಕ್ಕಿ ರಾತ್ರಿ ನೆನೆಸಿ. ಬೆಳಿಗ್ಗೆ ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಉಪ್ಪು ಹಾಕಿ ರುಬ್ಬಿ ತಕ್ಷಣ ಹುಯ್ಯಿರಿ. ಪ್ರೋಟೀನ್ ಚೆನ್ನಾಗಿರುವುದರಿಂದ ಮಧುಮೇಹ ಇರುವವರಿಗೂ ಬರೀ ಅಕ್ಕಿ ದೋಸೆಗಿಂತ ಇದು ಮೇಲು.

*3. ರಾಗಿ ದೋಸೆ:* 2 ಲೋಟ ಇಡೀ ರಾಗಿ, ಮುಕ್ಕಾಲು ಲೋಟ ಉದ್ದಿನಬೇಳೆ, 1 ಚಮಚ ಮೆಂತ್ಯ. ರಾಗಿಯಲ್ಲಿ ಮರಳು ಇರುತ್ತದೆ, ಜಾಲಿಸಿ ತೊಳೆಯಿರಿ. 8 ಗಂಟೆ ನೆನೆಸಿ, ರುಬ್ಬಿ, ರಾತ್ರಿ ಹುದುಗಲು ಬಿಡಿ. ಗ್ಲುಟನ್ ಮಾಡುವ ಅಂಟಿನ ಕೆಲಸವನ್ನು ಇಲ್ಲಿ ಉದ್ದು ಮಾಡುತ್ತದೆ. ಉದ್ದಿನ ಲೋಳೆ ಗಾಳಿಗುಳ್ಳೆಗಳನ್ನು ಹಿಡಿದಿಡುವುದರಿಂದ ದೋಸೆ ಮೆತ್ತಗೆ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಬಿಟ್ಟವರಿಗೆ ಇದು ದೊಡ್ಡ ಆಸರೆ. ಚೆನ್ನೈ, ಮುಂಬೈಯವರಿಗೆ ಹುದುಗು ಬೇಗ ಬರುತ್ತದೆ. ದಿಲ್ಲಿಯ ಚಳಿಗಾಲದಲ್ಲಿ ಬಿಸಿನೀರಿನ ಪಾತ್ರೆಯ ಪಕ್ಕ, ಕಂಬಳಿ ಸುತ್ತಿ ಇಡಿ.

*4. ಮಕ್ಕಳ ಪ್ಯಾನ್‌ಕೇಕ್:* ಹುಟ್ಟುಹಬ್ಬಕ್ಕೆ ಹೋಗಿ ಬಂದ ಮಗು ‘ನನಗೂ ಪ್ಯಾನ್‌ಕೇಕ್ ಬೇಕು’ ಅನ್ನುತ್ತದೆ. ಬೇಡ ಅನ್ನಬೇಡಿ. ಮನೆಯಲ್ಲೇ ಪುಡಿ ಮಾಡಿದ ರಾಗಿ ಹಿಟ್ಟು 1 ಲೋಟ, ಅಕ್ಕಿ ಹಿಟ್ಟು ಅರ್ಧ ಲೋಟ (ತೊಳೆದು ಒಣಗಿಸಿ ಮಿಕ್ಸಿಗೆ ಹಾಕಿ ಜರಡಿ ಹಿಡಿದರೆ ಸಾಕು), ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆಹಣ್ಣು 2, ಬೆಲ್ಲದ ಪುಡಿ 3 ಚಮಚ, ಚಿಟಿಕೆ ಉಪ್ಪು, ಏಲಕ್ಕಿ. 1 ಚಮಚ ಅಗಸೆ ಪುಡಿಯನ್ನು 3 ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿ ಸೇರಿಸಿ, ಮೊಟ್ಟೆಯ ಜಾಗ ಇದು ತುಂಬುತ್ತದೆ. ತೆಂಗಿನ ಹಾಲು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಹತ್ತು ನಿಮಿಷ ಬಿಡಿ. ಕೊನೆಗೆ ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ನಿಂಬೆರಸ ಹಾಕಿ ತಕ್ಷಣ ಹುಯ್ಯಿರಿ. ಅಂಗೈ ಅಗಲ ಸಾಕು, ದೊಡ್ಡದು ಮಾಡಿದರೆ ತಿರುವುವಾಗ ಮುರಿಯುತ್ತದೆ. ಉರಿ ಸಣ್ಣದಿರಲಿ.

ಮೊದಲ ಸಲ ನನ್ನದು ಹಂಚಿಗೆ ಅಂಟಿ ಚೂರುಚೂರಾಯಿತು. ಚೂರುಗಳನ್ನೇ ಬಟ್ಟಲಿಗೆ ಹಾಕಿ ಕೊಟ್ಟೆ. ಮಗ ಚಮಚದಲ್ಲಿ ತಿಂದು “ಇನ್ನೂ ಇದೆಯಾ?” ಅಂದ.

*ನೀವಿರುವ ಊರಿನಲ್ಲೂ ಇದೆ*

ಮಹಾರಾಷ್ಟ್ರದ ಕೊಂಕಣದ ಘಾವನ್ ಅಂದರೆ ನಮ್ಮ ನೀರು ದೋಸೆಯ ಅಕ್ಕತಂಗಿ. ಹೈದರಾಬಾದಿನ ಪೆಸರಟ್ಟು, ಚೆನ್ನೈಯ ಅಡೈ, ದಿಲ್ಲಿಯ ಕಡ್ಲೆಹಿಟ್ಟಿನ ಚೀಲಾ, ಎಲ್ಲವೂ ಗೋಧಿ, ಹಾಲು ಇಲ್ಲದೆ ಆಗುವಂಥವೇ. ಆದರೆ ಹೊರಗೆ ತಿನ್ನುವಾಗ ಎಚ್ಚರ ಇರಲಿ:

❌ ಪೆಸರಟ್ಟಿನ ಒಳಗೆ ಇಡುವ ಉಪ್ಪಿಟ್ಟು ರವೆಯದು. ರವೆ ಅಂದರೆ ಗೋಧಿ.
❌ ರವಾ ದೋಸೆ, ರವಾ ಇಡ್ಲಿ ಬೇಡ. (ಅಕ್ಕಿ ತರಿಯ ಇಡ್ಲಿ ಆಗುತ್ತದೆ.)
❌ ಅಡೈಗೆ, ಸಾಂಬಾರಿಗೆ ಇಂಗು ಇರುತ್ತದೆ.
❌ ತಾಲಿಪೆಟ್ಟಿನ ಭಾಜಣಿ ಹಿಟ್ಟಿಗೆ ಗೋಧಿ ಹಾಕುವ ಮನೆಗಳು ಬಹಳ.
❌ ಚೀಲಾ ಗರಿಗರಿಯಾಗಲಿ ಅಂತ ರವೆ ಬೆರೆಸುವವರಿದ್ದಾರೆ. ಕೇಳಿ ತಿಳಿದುಕೊಳ್ಳಿ.
❌ ಮಕ್ಕಳ ಇಷ್ಟದ ಗೋಬಿ ಮಂಚೂರಿಯಲ್ಲಿ ಮೈದಾ ಇರುತ್ತದೆ, ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಮನೆಯಲ್ಲಿ ಚಪಾತಿಯೂ ಮಾಡುವವರು ದೋಸೆ ಹಂಚು, ಸೌಟು, ಜರಡಿ ಬೇರೆ ಇಡಿ. ಚಪಾತಿಯ ಹಂಚಿನ ಮೇಲೇ ದೋಸೆ ಹುಯ್ದರೆ ಪಟ್ಟ ಶ್ರಮ ವ್ಯರ್ಥ. ದೋಸೆಯನ್ನೇ ಮೊದಲು ಮಾಡಿ, ಆಮೇಲೆ ಗೋಧಿ ಹಿಟ್ಟಿನ ಡಬ್ಬಿ ತೆಗೆಯಿರಿ.

*ಹಾಲು ಬಿಟ್ಟ ಮಕ್ಕಳ ತಂದೆತಾಯಿಗೆ*

ಮಗಳ ನಿರ್ಧಾರಕ್ಕೆ ನಾವು ಅಡ್ಡ ಬರಲಿಲ್ಲ. ಆದರೆ ಒಂದು ಷರತ್ತು ಹಾಕಿದೆ: ಬಿ12. ಸಸ್ಯಾಹಾರದಲ್ಲಿ ಈ ಜೀವಸತ್ವ ನಂಬಿಕೊಳ್ಳುವಷ್ಟು ಸಿಗುವುದಿಲ್ಲ. ‘ಹುದುಗಿದ ದೋಸೆ ಹಿಟ್ಟಿನಲ್ಲಿ ಬಿ12 ಇದೆ, ಮಾತ್ರೆ ಬೇಡ’ ಅಂತ ಫಾರ್ವರ್ಡ್ ಬರುತ್ತವೆ, ಅದನ್ನು ನಂಬಿ ಕೂರಬೇಡಿ. ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ಮಾತ್ರೆ ತೆಗೆದುಕೊಳ್ಳಲಿ. ದೋಸೆ ಜೊತೆ ಶೇಂಗಾ ಚಟ್ನಿ, ಅಗಸೆ ಚಟ್ನಿಪುಡಿ, ಎಳ್ಳು, ಸೊಪ್ಪು, ಕಾಳು ಇರಲಿ. ಬರೀ ದೋಸೆ, ಬೆಲ್ಲ ಅಂದರೆ ಅದು ಪೂರ್ಣ ಆಹಾರ ಆಗುವುದಿಲ್ಲ.

*ಕೊನೆಯ ಮಾತು*

ನಾವು ಊರು ಬಿಟ್ಟು ಬಂದವರು. ಬಂದ ಊರಿನ ಅನ್ನ ತಿಂದಿದ್ದೇವೆ, ಚಪಾತಿಯನ್ನೂ ಪ್ರೀತಿಯಿಂದ ತಿಂದಿದ್ದೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಅದು ಆಗಿಬರುವುದಿಲ್ಲ ಅಂತ ಗೊತ್ತಾದಾಗ, ಆ ಒಬ್ಬರಿಗೆ ಬೇರೆ ತಟ್ಟೆ ಹಾಕುವ ಬದಲು ಮನೆಯೆಲ್ಲ ಒಂದು ಹೆಜ್ಜೆ ಅವರ ಕಡೆ ನಡೆಯಬಹುದು. ವಾರದಲ್ಲಿ ಎಲ್ಲ ದಿನ ಆಗದಿದ್ದರೆ ಭಾನುವಾರವಾದರೂ ಹಾಗೆ ಮಾಡಿ. ದುಬಾರಿ ಪೊಟ್ಟಣ ಬೇಕಿಲ್ಲ. ಅಕ್ಕಿ, ರಾಗಿ, ಹೆಸರು, ಒಂದು ಬೇರೆ ಹಂಚು, ಅಷ್ಟು ಸಾಕು.

ನಮ್ಮ ಚಿಕ್ಕವನಿಗೆ ಈಗ ಹನ್ನೊಂದು. ಹೋದ ಭಾನುವಾರ ನೀರು ದೋಸೆ ತಿಂದು ಕೈ ತೊಳೆದು ತಾನೇ ಬಾಗಿಲ ಪಕ್ಕ ಹೋಗಿ ನಿಂತ. ಅತ್ತೆಯವರಿಗೆ ಈಗ ಅವನ ತಲೆ ಮುಟ್ಟಿ ಗೆರೆ ಎಳೆಯಲು ಕೈ ಎತ್ತಬೇಕಾಗುತ್ತದೆ. “ನಿಂದರೋ, ಅಲುಗಬ್ಯಾಡ” ಅಂತ ಬೈಯುತ್ತಾ ಪೆನ್ಸಿಲ್ ಹಿಡಿದಿದ್ದರು. ಹಳೆಯ ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡಿದ್ದ ಜಾಗ ಈಗ ಬಹಳ ಕೆಳಗೆ ಇದೆ.

ನಿಮ್ಮ ಬಳಗದಲ್ಲಿ ಬೆಳೆಯದೆ ಸೊರಗುತ್ತಿರುವ ಮಗು ಯಾವುದಾದರೂ ಇದ್ದರೆ ಈ ಸಂದೇಶವನ್ನು ಆ ಮನೆಗೆ ತಪ್ಪದೆ ಕಳಿಸಿ. *ಪರೀಕ್ಷೆಗೆ ಮೊದಲು ಗೋಧಿ ನಿಲ್ಲಿಸಬೇಡಿ* ಅನ್ನುವ ಒಂದು ಸಾಲನ್ನಾದರೂ ಫೋನ್ ಮಾಡಿ ಹೇಳಿ.

(ಇದು ಒಬ್ಬ ತಾಯಿಯ ಅನುಭವ ಮತ್ತು ಅಭಿಪ್ರಾಯ. ಚಿಕಿತ್ಸೆಗೆ ನಿಮ್ಮ ವೈದ್ಯರ ಮಾತೇ ಮುಖ್ಯ.)

ಎಲ್ಲರಿಗೂ ಒಳ್ಳೆಯದಾಗಲಿ 🙏